ಕಾಕಾನ ಪರದೆಯ ಮೇಲಿನ ರೈಲು

ಸ್ವಲ್ಪ ತಾಳಿ, ಇದನ್ನು ಕೇಳದೆ ಮುಂದೆ ಹೋಗಬೇಡಿ! ನಿನ್ನೆ ಪಕ್ಕದ ಮನೆಯವರು ಗೇಟಿಗೆ ಬಣ್ಣ ಬಳಿಯುತ್ತಿದ್ದರು. ಟರ್ಪೆಂಟೈನ್ ವಾಸನೆ ಬಂದದ್ದೇ ತಡ, ನಮ್ಮೂರು ಉಮದಿಯ ಆ ಸಣ್ಣ ಫೋಟೊ ಸ್ಟುಡಿಯೊ ಕಣ್ಣೆದುರು ಬಂತು...

ಅದನ್ನು ನಡೆಸುತ್ತಿದ್ದವರನ್ನು ನಾವೆಲ್ಲ ಸ್ಟುಡಿಯೊ ಕಾಕಾ ಅನ್ನುತ್ತಿದ್ದೆವು. ಹಳೆಯ ಬಿಸ್ಕಿಟ್ ಡಬ್ಬಿಯ ಮುಚ್ಚಳದ ಚಿತ್ರ ನೋಡಿ, ಗೋಡೆಯಗಲದ ಪರದೆಯ ಮೇಲೆ ತಾವೇ ಬಣ್ಣದಲ್ಲಿ ಬರೆದಿದ್ದರು: ಹಿಂದೆ ಹಿಮದ ಬೆಟ್ಟ, ದಿಬ್ಬದ ಮೇಲೆ ದೊಡ್ಡ ಚರ್ಚು, ಕೆಳಗೆ ಊರಿನ ಹಳೆಯ ಹೆಬ್ಬಾಗಿಲು, ಅದರ ಪಕ್ಕ ಬೀದಿಯಲ್ಲೇ ಒಂದು ಕೆಂಪು ರೈಲು. ಮದುವೆ ನಿಶ್ಚಯವಾದ ಜೋಡಿಗಳೆಲ್ಲ ಅದರ ಮುಂದೆಯೇ ನಿಲ್ಲುತ್ತಿದ್ದರು. ಆ ರೈಲು ನೋಡಿ ನಗದವರಿಲ್ಲ.

ಮದುವೆ ನಿಶ್ಚಯವಾದ ಮೊಮ್ಮಗನದೂ ಹುಡುಗಿಯದೂ ಫೋಟೊ ತೆಗೆಸಲು ಬಂದ ಸನಮಡಿ ಹಳ್ಳಿಯ ಅಜ್ಜಿಯಂತೂ ಹಟ ಹಿಡಿದಳು. "ಬಜಾರದಾಗ ರೈಲು ಓಡ್ತದೇನೋ ಖೋಡಿ? ನಮ್ಮ ಹುಡುಗನ ಮ್ಯಾಲs ಬಂದಂಗ ಕಾಣತೈತಿ. ಸೋಮವಾರ ಬರ್ತೀವಿ, ಅಳಸಿಡು. ಇಲ್ಲಾಂದ್ರ ಜತ್ತಿನ ಸ್ಟುಡಿಯೊಕ್ಕ ಹೋಗ್ತೀವಿ ನೋಡು!"

ಮರುದಿನ ನಾನು ಕಾಲೇಜಿನ ಫೋಟೊಕ್ಕೆಂದು ಹೋದಾಗ ಕಾಕಾ ಟರ್ಪೆಂಟೈನಿನಲ್ಲಿ ಅದ್ದಿದ ಚಿಂದಿ ಹಿಡಿದು ಪರದೆಯ ಮುಂದೆ ಕೂತಿದ್ದರು.

"ಅಳಸ್ತೀರೇನ್ರಿ ಕಾಕಾ?"

"ಏನ್ ಮಾಡ್ಲವ್ವಾ? ಚಿತ್ರದಾಗಿತ್ತು, ತಗದೆ. ಖರೇನ ಐತೋ ಇಲ್ಲೋ, ನಾ ಏನ್ ನೋಡೀನಿ? ಸುಳ್ಳಗಾರ ಅನ್ನಿಸ್ಕೊಂಡು ಸಾಕಾತು."

ಪಕ್ಕದಲ್ಲೇ ಇದ್ದ ಬಿಸ್ಕಿಟ್ ಡಬ್ಬಿಯ ಮುಚ್ಚಳದ ಅಂಚಿನಲ್ಲಿ ಊರಿನ ಹೆಸರಿತ್ತು. ಕೂರ್, ಸ್ವಿಟ್ಜರ್ಲೆಂಡ್. ಮೊಬೈಲಿನಲ್ಲಿ ಹುಡುಕಿದೆ. ವಿಡಿಯೊ ಸಿಕ್ಕೇಬಿಟ್ಟಿತು! ಕಾರುಗಳ ಜೊತೆ, ಸೈಕಲ್ಲಿನವರ ಬದಿಯಲ್ಲಿ, ಕೆಂಪು ರೈಲು ಆರಾಮಾಗಿ ಬೀದಿಯಲ್ಲಿ ಬರುತ್ತಿದೆ. ಕಾಕಾ ಚಿಂದಿ ಕೆಳಗಿಟ್ಟರು.

ಸೋಮವಾರ ಅಜ್ಜಿಗೂ ಅದನ್ನೇ ತೋರಿಸಿದೆವು. ಎರಡೆರಡು ಸಲ ನೋಡಿದಳು. "ಹೌದಲ್ಲೋ! ಹಂಗಾರ ಇಬ್ಬರನ್ನೂ ರೈಲಿನ ಬಾಜೂಕs ನಿಂದ್ರಸು. ಟಿಕೀಟು ಮಾತ್ರ ನೀನs ತಗೀಬೇಕ!" ಕಾಕಾ ನಕ್ಕ ನಗುವಿಗೆ ಕ್ಯಾಮೆರಾ ಅಲುಗಿ ಮೊದಲ ಫೋಟೊ ಕೆಟ್ಟೇಹೋಯಿತು.

ಅಂದಿನಿಂದ ನನಗೆ ಆ ಊರಿನ ಹುಚ್ಚು. ಏನು ಓದಿದರೂ ಕಾಕಾನ ಹತ್ತಿರ ಓಡುತ್ತಿದ್ದೆ. ರೋಮನ್ನರ ಕಾಲದಲ್ಲೇ ಅಲ್ಲಿ ಊರಿತ್ತಂತೆ, ಚರ್ಚಿನ ಹತ್ತಿರ ದ್ರಾಕ್ಷಿ ತೋಟಗಳಿವೆಯಂತೆ... "ದ್ರಾಕ್ಷಿ? ಹಂಗಾರ ನಮ್ಮಂಗ ದ್ರಾಕ್ಷಿ ಬೆಳಿಯೋ ಮಂದೀನs ಅವರು!" ಅನ್ನುತ್ತಿದ್ದರು.

ಕಾಕಾ ತೀರಿಕೊಂಡರು. ಸ್ಟುಡಿಯೊ ಇದ್ದಲ್ಲಿ ಈಗ ಮೊಬೈಲ್ ಅಂಗಡಿ. ಪರದೆ ಎಲ್ಲಿ ಹೋಯಿತೋ ಯಾರಿಗೂ ಗೊತ್ತಿಲ್ಲ. ಮೊನ್ನೆ ಓದಿದೆ: ಆ ದೊಡ್ಡ ಚರ್ಚನ್ನು ಕಟ್ಟಿದವರು ಒಳಗಿನ ಗರ್ಭಗುಡಿಯಂಥ ಭಾಗವನ್ನು ಉಳಿದದ್ದಕ್ಕೆ ನೇರವಾಗಿ ಕಟ್ಟಲೇ ಇಲ್ಲವಂತೆ, ಒಂದು ಕಡೆಗೆ ಓರೆಯಾಗಿದೆಯಂತೆ. ಓದಿದವಳೇ ಕಾಕಾನಿಗೆ ಹೇಳಲೆಂದು ಚಪ್ಪಲಿ ಮೆಟ್ಟಿ ಬಾಗಿಲವರೆಗೆ ಬಂದಿದ್ದೆ. ಆಮೇಲೆ... ಅಲ್ಲೇ ನಿಂತೆ.

ನಿಮ್ಮೂರ ಸ್ಟುಡಿಯೊ ಪರದೆಯ ಮೇಲೆ ಯಾವ ಊರಿತ್ತು? ಅದನ್ನು ಬರೆದವರು ಯಾರು? ಹೇಳಿ, ನನಗೆ ಕೇಳಬೇಕು.