"ಸರಿ ಇದೆ" ಎಂದು ಬರೆದ ಇಪ್ಪತ್ತು ದಿನ

ಆಯುಧಪೂಜೆಯ ದಿನ ಮಗಳು ಲ್ಯಾಪ್‌ಟಾಪಿಗೆ ಕುಂಕುಮವಿಟ್ಟು, "ಅಪ್ಪ, ಇದನ್ನ ಆಫ್ ಮಾಡ್ಲಾ?" ಎಂದಳು. ಚೆಂಡುಹೂವು, ಕರ್ಪೂರದ ವಾಸನೆ ಬಂದರೆ ನನಗೆ ಅಂತರಸನಹಳ್ಳಿಯ ಪಂಪ್ ಕಾರ್ಖಾನೆಯ ಆಫೀಸು ನೆನಪಾಗುತ್ತದೆ. ಅಲ್ಲಿನ ಕತೆಯೊಂದನ್ನು ಮನೆಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಈ ಸಲ ಹೇಳುವ ಮೊದಲು, ಯಾಕೋ, ಆ ವರ್ಷದ ಡೈರಿ ತೆಗೆದು ನೋಡಿದೆ.

ತೊಂಬತ್ತರ ದಶಕದ ಕೊನೆಯ ಮಾತು. ಆಫೀಸಿನ ಎಂಟು ಕಂಪ್ಯೂಟರುಗಳಿಂದ ವೈರು ಎಳೆದು ಮೂಲೆಯ ಒಂದು ದೊಡ್ಡ ಕಂಪ್ಯೂಟರಿಗೆ ಸೇರಿಸಿದ್ದೆವು. ಅದು ಸರ್ವರ್. ಸಂಜೆ ಐದೂವರೆಗೆ ಎಲ್ಲರ ಫೈಲುಗಳೂ ತಾವಾಗಿಯೇ ಅದಕ್ಕೆ ನಕಲಾಗುತ್ತಿದ್ದವು. ನಕಲಾಗದಿದ್ದರೆ ಅದೇನೂ ಕೂಗಿ ಹೇಳುತ್ತಿರಲಿಲ್ಲ, ನಾವೇ ನೋಡಬೇಕಿತ್ತು. ನೋಡಿ, ರಿಜಿಸ್ಟರಿನಲ್ಲಿ "ಸರಿ ಇದೆ" ಎಂದು ಬರೆದು ಸಹಿ ಹಾಕುವುದು ನನ್ನ ಕೆಲಸ. ಎಂ.ಎಸ್ಸಿ. ಓದಿದ್ದಕ್ಕೆ ಸಿಕ್ಕ ಗೌರವ ಅದು.

ಕುಣಿಗಲ್ ಕಡೆಯ ರಂಗಮ್ಮ ಅಲ್ಲಿ ಅಟೆಂಡರು. ಅವರ ಸಂಬಳದಲ್ಲೇ ಮನೆ ನಡೆಯುತ್ತಿತ್ತು. ಆಯುಧಪೂಜೆಯಲ್ಲಿ ಪ್ರತಿ ಯಂತ್ರಕ್ಕೂ ಹೂವಿಡುತ್ತಾ ಬಂದವರು ಸರ್ವರಿನ ಮುಂದೆ ನಿಂತರು. "ವರ್ಸೆಲ್ಲಾ ಗುಯ್ ಅಂತಿರ್ತದೆ ಸಾ, ಇವತ್ತೊಂದಿನ ದಣಿವಾರಿಸ್ಕಳ್ಲಿ ಬುಡಿ." ನಾನು ನಕ್ಕು, "ಆಗ್ಲಿ" ಎಂದೆ. ಅವರು ಆಫ್ ಮಾಡಿದರು.

ರಜೆ ಮುಗಿದ ಮೇಲೆ ಎಲ್ಲರೂ ತಂತಮ್ಮ ಕಂಪ್ಯೂಟರ್ ಹಾಕಿಕೊಂಡರು. ಸರ್ವರಿನ ಮುಂದೆ ಕೂರುವವರು ಯಾರೂ ಇರಲಿಲ್ಲವಲ್ಲ, ಅದು ಹಾರ ಹಾಕಿಕೊಂಡು ಹಾಗೇ ಉಳಿಯಿತು. ಪೂಜೆಯ ಹೂವು, ನಾವಾಗಿ ತೆಗೆಯಬಾರದೆಂದು ಯಾರೂ ಮುಟ್ಟಲಿಲ್ಲ. ನಾನು ಕುರ್ಚಿಯಲ್ಲಿ ಕೂತೇ "ಸರಿ ಇದೆ" ಎಂದು ಬರೆಯುತ್ತಿದ್ದೆ.

ಇಪ್ಪತ್ತು ದಿನವಾದ ಮೇಲೆ, ಗುಬ್ಬಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಡ್ರಾಯಿಂಗ್ ಸೆಕ್ಷನ್ನಿನ ಗಂಗಾಧರಯ್ಯನವರ ಕಂಪ್ಯೂಟರ್ ಕೆಟ್ಟಿತು. ಪೂಜೆಯಾದ ಮೇಲೆ ಅವರು ಬರೆದ ಹೊಸ ಪಂಪಿನ ನಕ್ಷೆಗಳೆಲ್ಲ ಅದರಲ್ಲೇ ಇದ್ದವು. ನಕಲು ತೆಗೆಯಲು ಹೋದರೆ ಸರ್ವರ್ ತಣ್ಣಗಿತ್ತು.

"ಆಫ್ ಮಾಡಿದ್ದು ಯಾರು?" ಎಂದರು ಮ್ಯಾನೇಜರು.

"ನಾನೇ ಸಾ. ಪೂಜೆ ದಿವ್ಸ," ಎಂದರು ರಂಗಮ್ಮ.

"ನಾಳೆಯಿಂದ ಬರ್ಬೇಡಿ."

ಇಲ್ಲಿಂದ ಮುಂದೆ ನಾನು ಹೇಳುತ್ತಿದ್ದ ಕತೆಯಲ್ಲಿ, ನಾನು ತಕ್ಷಣ ಎದ್ದು "ಸಾರ್, ತಪ್ಪು ನನ್ನದು" ಎನ್ನುತ್ತೇನೆ. ಹಾಗೆ ಎದ್ದಾಗ ಕುರ್ಚಿ ಸರಿದ ಸದ್ದು ಕೂಡ ನನಗೆ ನೆನಪಿದೆ. ಡೈರಿಯಲ್ಲಿ ಬೇರೆಯೇ ಇದೆ, ನನ್ನದೇ ಕೈಬರಹದಲ್ಲಿ. ರಂಗಮ್ಮ ಮೊಳೆಯಿಂದ ಬುತ್ತಿಚೀಲ ತೆಗೆದುಕೊಂಡು ಬಾಗಿಲವರೆಗೆ ಹೋಗಿದ್ದರಂತೆ. ಆಗ ಗಂಗಾಧರಯ್ಯನವರು ರಿಜಿಸ್ಟರ್ ತಂದು ಮ್ಯಾನೇಜರ ಮುಂದೆ ಬಿಡಿಸಿದ್ದಾರೆ. "ಆಯಮ್ಮ ಒಂದಿನ ಆಫ್ ಮಾಡವ್ಳೆ ಸಾರ್. ಈವಯ್ಯ ಇಪ್ಪತ್ತು ದಿನ ಸರಿ ಇದೆ ಅಂತ ಬರ್ದವ್ನೆ. ಯಾರ್ನ ಕಳಿಸ್ತೀರಿ, ನೀವೇ ಹೇಳಿ." ಅದರ ಕೆಳಗೆ ಒಂದೇ ಸಾಲು: "ಆಮೇಲೆ ಒಪ್ಪಿಕೊಂಡೆ."

ರಂಗಮ್ಮನ ಕೆಲಸ ಉಳಿಯಿತು. ನನಗೆ ಒಂದು ನೋಟೀಸು ಬಂತು. ಗಂಗಾಧರಯ್ಯನವರು ನಕ್ಷೆಗಳನ್ನೆಲ್ಲ ಮೊದಲಿನಿಂದ ಬರೆದರು, ಬರೆಯುತ್ತಾ ದಿನಾ ಸಂಜೆ, "ಏನಯ್ಯಾ, ಸರಿ ಐತಾ?" ಎಂದು ಕೂಗುತ್ತಿದ್ದರು. ನಾನು ಎದ್ದು ಹೋಗಿ ನೋಡಿ ಬರುತ್ತಿದ್ದೆ.

ಡೈರಿ ಮುಚ್ಚಿ ಮಗಳನ್ನು ಕರೆದು, ಕತೆಯನ್ನು ಅದರಲ್ಲಿದ್ದಂತೆಯೇ ಹೇಳಿದೆ.

"ಆಯಮ್ಮ ಚೀಲ ತಗೊಂಡು ಬಾಗಿಲ ತನಕ ಹೋಗೋವರ್ಗೂ ನೀನೇನ್ ಮಾಡ್ತಿದ್ದೆ ಅಪ್ಪ?"

"ಕೂತಿದ್ದೆ ಕಣೇ," ಎಂದೆ.