ಈಶಾನ್ಯ ಮೂಲೆಯ ಕೆಂಪು ವೃತ್ತ

1938ರ ಮಾರ್ಚ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ, ಶಿವಮೊಗ್ಗದ ಒಂದು ಹೊಸ ಮನೆಯ ಅಂಗಳದಲ್ಲಿ, ಆ ಮನೆಯವರು ಯಾರೂ ಕೇಳದಿದ್ದ ಕೊಳವೊಂದಕ್ಕೆ ಸುಣ್ಣದ ಗುರುತು ಹಾಕಲಾಯಿತು. ಕೊಳದ ಅಗಲ ಹದಿನಾರು ಅಡಿ. ಗುರುತು ಹಾಕಿದವನು ನನ್ನ ಕೋಣೆಯ ಗೆಳೆಯ. ನಡುವಿನ ಗೂಟದ ಹತ್ತಿರ ಹಗ್ಗ ಹಿಡಿದು ಕೂತಿದ್ದವನು ನಾನು.

ಆಗ ನಾವಿಬ್ಬರೂ ಭದ್ರಾವತಿಯ ಓಲ್ಡ್ ಟೌನಿನಲ್ಲಿ ಒಂದೇ ಕೋಣೆಯಲ್ಲಿದ್ದೆವು. ನಾನು ಶಿವಮೊಗ್ಗದ ಒಂದು ವಾರಪತ್ರಿಕೆಗೆ ಸುದ್ದಿ ಬರೆದು ಕಳಿಸುತ್ತಿದ್ದೆ. ಅವನು ಒಂದು ಕಾರ್ಖಾನೆಯ ನಕ್ಷೆ ಕಚೇರಿಯಲ್ಲಿ ಟ್ರೇಸರ್. ಡ್ರಾಫ್ಟ್ಸ್‌ಮನ್ ಬರೆದ ನಕ್ಷೆಯ ಮೇಲೆ ಗಂಜಿ ಹಾಕಿದ ತೆಳು ಬಟ್ಟೆ ಹಾಸಿ, ಕೆಳಗೆ ಕಾಣುವ ಗೆರೆಗಳನ್ನೆಲ್ಲ ಮಸಿಯಲ್ಲಿ ನಕಲು ಮಾಡುವುದು ಅವನ ಕೆಲಸ. ಹಾಳಾದ ತುಂಡುಗಳನ್ನು ಕೋಣೆಗೆ ತಂದು ಒಗೆಯುತ್ತಿದ್ದ. ಗಂಜಿ ಹೋದ ಮೇಲೆ ಅದು ಒಳ್ಳೆಯ ಕರವಸ್ತ್ರ. ಒಂದರ ಮೂಲೆಯಲ್ಲಿ ಬಾಯ್ಲರಿನ ಕಾಲು ಭಾಗ ಮಾಸಲಾಗಿ ಉಳಿದಿತ್ತು. ನನಗೆ ನೆಗಡಿಯಾದಾಗಲೆಲ್ಲ ಅದೇ ಸಿಗುತ್ತಿತ್ತು.

ಆರು ವರ್ಷ ಇನ್ನೊಬ್ಬರ ಗೆರೆಗಳನ್ನು ಎಳೆದು ಅವನಿಗೆ ಸಾಕಾಗಿತ್ತು. ಡ್ರಾಫ್ಟ್ಸ್‌ಮನ್ ಹುದ್ದೆಯೊಂದು ಆ ವರ್ಷ ಖಾಲಿಯಾಗುವುದಿತ್ತು. ಕಚೇರಿಯ ಮುಖ್ಯಸ್ಥರಾಗಿದ್ದ ಎಂಜಿನಿಯರ್ ಸಾಹೇಬರು ಶಿವಮೊಗ್ಗದಲ್ಲಿ ಮನೆ ಕಟ್ಟಿಸಿ ಮುಗಿಸಿದ್ದರು. ಮನೆಯ ಸುತ್ತ ಬರೀ ಮಣ್ಣು. ಜನವರಿಯಲ್ಲಿ ಒಂದು ದಿನ ಇವನನ್ನು ಕರೆದರು.

"ತೋಟಕ್ಕೆ ಒಂದು ಪ್ಲಾನ್ ಬೇಕಯ್ಯ. ಕೊನೇದಲ್ಲ, ಮೊದಲನೇದು. ಮನೆಯವರು ನೋಡಿ ಬೇಕು ಬೇಡ ಹೇಳೋ ಹಾಗಿರಬೇಕು. ನೀನೇ ಬರಿ. ನಿನ್ನ ಕೈ ಹೇಗಿದೆ ನೋಡ್ಕೊಂಡು ನಿನ್ನ ಹೆಸರು ಮೇಲಕ್ಕೆ ಕಳಿಸ್ತೀನಿ."

ಮೂರು ವಾರ ಕೋಣೆಯಲ್ಲಿ ಓಡಾಡಲು ಜಾಗವಿರಲಿಲ್ಲ. ನೆಲದ ತುಂಬ ಕಾಗದ. ನಾನು ಬಾಗಿಲಲ್ಲಿ ಕೂತು ಸುದ್ದಿ ಬರೆದೆ. ಅವನು ತೋಟ ಬರೆದ. ಆರು ವರ್ಷ ಯಂತ್ರಗಳನ್ನು ನಕಲು ಮಾಡಿದ ಕೈ ಅದು. ದಾರಿಗಳು ಉಗಿ ಕೊಳವೆಗಳಂತೆ ನೆಟ್ಟಗೆ ಹೋಗಿ ಕಟ್ಟುನಿಟ್ಟಾಗಿ ತಿರುಗುತ್ತಿದ್ದವು. ಗುಲಾಬಿಗಳು ಎರಡು ಸಾಲಿನಲ್ಲಿ, ಒಂದೂವರೆ ಅಡಿಗೊಂದು.

"ಇದೇನಯ್ಯ, ಗುಲಾಬಿಗೆ ಬೋಲ್ಟ್ ಹಾಕಿದ್ದೀಯಲ್ಲ?" ಎಂದೆ.

"ಅಂತರ ಸಮ ಇರಬೇಕು ಮಾರಾಯ. ನಾಳೆ ಒಂದು ಗಿಡ ಸತ್ತರೆ ಯಾವ ನಂಬರಿಂದು ಅಂತ ಕಾಗದದಲ್ಲೇ ಹೇಳಬಹುದು."

ನಕ್ಷೆ ಸಾಹೇಬರ ಮನೆಗೆ ಹೋಯಿತು. ಒಂದು ವಾರದ ಮೇಲೆ ಸುರುಳಿಯಾಗಿ ವಾಪಸು ಬಂತು. ಅದರ ಮೇಲೆ ಕೆಂಪು ಬಣ್ಣದ ಮೂರು ಗುರುತುಗಳಿದ್ದವು. ಗೇಟಿನ ದಾರಿಯನ್ನು ಅಗಲ ಮಾಡಿದ್ದರು. ಗುಲಾಬಿಯ ಒಂದು ಸಾಲನ್ನು ಹೊಡೆದುಹಾಕಿದ್ದರು. ಮೂರನೆಯದು ಮೇಲೆ ಬಲಗಡೆ, ಎಂದರೆ ಅಂಗಳದ ಈಶಾನ್ಯ ಮೂಲೆಯಲ್ಲಿ, ಒಂದು ವೃತ್ತ. ಸ್ವಲ್ಪ ಕದಡಿತ್ತು.

ಆ ಕಚೇರಿಯಲ್ಲಿ ಕೆಂಪು ಪೆನ್ಸಿಲ್ ಸಾಹೇಬರೊಬ್ಬರದೇ. ಕೆಂಪು ಗೆರೆ ಎಂದರೆ ಆಜ್ಞೆ. ಟ್ರೇಸರ್ ಅದನ್ನು ಕಪ್ಪು ಮಸಿಯಲ್ಲಿ ಎಳೆಯಬೇಕು, ಯಾಕೆ ಎಂದು ಕೇಳಬಾರದು. ಕೆಲಸಕ್ಕೆ ಸೇರಿದ ವರ್ಷ ಇವನು ಒಂದು ಸಲ ಕೇಳಿ, ಮೆಮೋ ತೆಗೆದುಕೊಂಡಿದ್ದ.

ವೃತ್ತವನ್ನು ಅಳೆದ. ಎರಡು ಅಂಗುಲ. ನಕ್ಷೆಯಲ್ಲಿ ಅಂಗುಲಕ್ಕೆ ಎಂಟು ಅಡಿ.

"ಹದಿನಾರು ಅಡಿ. ಈಶಾನ್ಯದಲ್ಲಿ ದುಂಡಗೆ ಏನಿರುತ್ತೆ?"

"ನೀರು," ಎಂದೆ. "ಆದರೂ ಸಾಹೇಬರನ್ನ ಒಂದು ಮಾತು ಕೇಳು."

"ಕೆಂಪಲ್ಲಿದೆ. ಕೇಳೋ ಹಾಗಿಲ್ಲ."

ಹೊಸ ಕಾಗದದ ಮೇಲೆ ಕೈವಾರ ಹಿಡಿದು, ಕದಡಿದ್ದ ವೃತ್ತವನ್ನು ತಿದ್ದಿ ದುಂಡಗೆ ಎಳೆದ. ಒಳಗೆ 'ಕೊಳ' ಎಂದು ಬರೆದ. ಹೊಸ ನಕ್ಷೆ ಶಿವಮೊಗ್ಗಕ್ಕೆ ಹೋಯಿತು. ಯಾರಿಂದಲೂ ಆಕ್ಷೇಪ ಬರಲಿಲ್ಲ. ಭಾನುವಾರ ಗುರುತು ಹಾಕಲು ಬರಬೇಕೆಂದು ಸಾಹೇಬರು ಹೇಳಿಕಳಿಸಿದರು. ಹಗ್ಗ ಹಿಡಿಯಲು ಒಬ್ಬರು ಬೇಕಾದ್ದರಿಂದ ನಾನೂ ಬೆಳಗಿನ ರೈಲು ಹತ್ತಿದೆ.

ಸುಣ್ಣ ಹಾಕಿ ಮುಗಿಯಿತು. ಇಬ್ಬರು ಆಳುಗಳು ಗುದ್ದಲಿ ಹಿಡಿದು ನಿಂತಿದ್ದರು. ಅವರಲ್ಲಿ ಹಿರಿಯವನು ಕೇಳಿದ: "ಆಳ ಎಷ್ಟು ಸಾಮಿ?"

ನಕ್ಷೆಯಲ್ಲಿ ಆಳವಿರಲಿಲ್ಲ. ಗೆಳೆಯ ಸಾಹೇಬರ ಮುಖ ನೋಡಿದ. ಸಾಹೇಬರು ಜಗಲಿಯಲ್ಲಿದ್ದ ಹೆಂಡತಿಯ ಕಡೆ ತಿರುಗಿದರು.

"ನಿನ್ನ ಕೊಳ ಎಷ್ಟು ಆಳ ಬೇಕು, ಹೇಳಿಬಿಡು."

"ನನ್ನ ಕೊಳಾನಾ? ಅದು ನಿಮ್ಮದಲ್ವಾ?"

"ನಾನೆಲ್ಲಿ ಕೇಳ್ದೆ? ನೀನು ಹೇಳಿದ್ದೀಯ ಅಂತ ನಾನು ಸುಮ್ಮನಿದ್ದೆ."

"ಚೆನ್ನಾಗಿದೆ. ಬೆಂಗಳೂರಿಗೆ ಹೋಗಿ ಬಂದಾಗೆಲ್ಲ ನಿಮಗೆ ಏನಾದ್ರೂ ಒಂದು ಹಿಡಿಯುತ್ತೆ. ಈ ಸಲ ಕೊಳ ಅಂದ್ಕೊಂಡು ನಾನು ಸುಮ್ಮನಿದ್ದೆ. ಸಂಡಿಗೆ ಒಣಗಿಸೋ ಜಾಗ ಹೋಯ್ತಲ್ಲ ಅಂತ ಎರಡು ದಿನ ಹೊಟ್ಟೆ ಉರ್ಕೊಂಡೆ."

"ಪುರೋಹಿತರೂ ಒಳ್ಳೇದು ಅಂದ್ರಲ್ಲೇ."

"ಈಶಾನ್ಯದಲ್ಲಿ ನೀರು ಇರಲಾ ಅಂದ್ರೆ ಬೇಡ ಅಂತಾರಾ ಅವರು?"

ಇಬ್ಬರೂ ಒಟ್ಟಿಗೆ ಗೆಳೆಯನನ್ನು ನೋಡಿದರು. ಅವನು ತಗಡಿನ ಕೊಳವೆಯಿಂದ ತನ್ನ ಮೊದಲ ಕಾಗದವನ್ನು ತೆಗೆದು ಜಗಲಿಯ ಮೇಲೆ ಬಿಡಿಸಿದ. ಅದು ಮತ್ತೆ ಸುರುಳಿಯಾಯಿತು.

"ತಡಿಯಪ್ಪ, ಅವತ್ತೂ ಹೀಗೇ ಆಡ್ತಿತ್ತು," ಎಂದು ಅಮ್ಮನವರು ಒಳಗೆ ಹೋದರು. ಅಡಕತ್ತರಿ, ಪಂಚಾಂಗ, ಒಂದು ಗುಂಡುಕಲ್ಲು ತಂದು ಮೂರು ಮೂಲೆಗೆ ಇಟ್ಟರು. ನಾಲ್ಕನೆಯ ಮೂಲೆಗೆ ಹಿತ್ತಾಳೆಯ ಕುಂಕುಮದ ಭರಣಿ ಇಟ್ಟರು. ಭರಣಿ ಕೆಂಪು ವೃತ್ತದ ಮೇಲೆ ಕೂತಿತು. ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ.

ಸಾಹೇಬರು ಭರಣಿ ಎತ್ತಿ, ಕುಂಕುಮ ಅಂಟಿದ್ದ ಅದರ ತಳ ನೋಡಿದರು.

"ಹಂಗಾದ್ರೆ ಆಳ?" ಎಂದ ಹಿರಿಯ ಆಳು.

"ತಡಿ ಮಾರಾಯ," ಎಂದರು ಸಾಹೇಬರು. ಆಮೇಲೆ ಗೆಳೆಯನಿಗೆ, "ಒಂದು ಮಾತು ಕೇಳಬಾರದಿತ್ತೇನಯ್ಯ?"

"ಕೆಂಪಲ್ಲಿತ್ತು ಸಾರ್."

"ಅದು ಕುಂಕುಮ."

"ಕೇಳಿದ್ದಕ್ಕೆ ಒಂದು ಸಲ ಮೆಮೋ ಬಂದಿತ್ತು ಸಾರ್. ಸಹಿ ತಮ್ಮದೇ."

ಅಮ್ಮನವರು ಸೆರಗು ಬಾಯಿಗೆ ಹಿಡಿದರು. ಪ್ರಯೋಜನವಾಗಲಿಲ್ಲ. "ಬಾಯಿ ಮುಚ್ಚಿಸೋರೂ ನೀವೇ, ಯಾಕೆ ಬಾಯಿ ಬಿಡಲಿಲ್ಲ ಅನ್ನೋರೂ ನೀವೇ," ಎಂದು ನಗುತ್ತಲೇ ಒಳಗೆ ಹೋದರು.

ಸಾಹೇಬರು ನಗಲಿಲ್ಲ. "ಟ್ರೇಸರಿಗೆ ಇದು ತಪ್ಪಲ್ಲ. ಡ್ರಾಫ್ಟ್ಸ್‌ಮನ್ನಿಗೆ ತಪ್ಪು. ಹದಿನೈದು ದಿನ ಕೊಡ್ತೀನಿ. ಇನ್ನೊಂದು ಬರ್ಕೊಂಡು ಬಾ."

ಹಿಂದಿರುಗುವ ರೈಲು ತುಂಗಾ ನದಿ ದಾಟುವಾಗ ಗೆಳೆಯ ಹೇಳಿದ: "ಆ ಹುದ್ದೆ ಹೋಯ್ತು ಮಾರಾಯ. ಭರಣಿ ತಿಂದು ಹಾಕ್ತು."

"ಇನ್ನೂ ಹದಿನೈದು ದಿನ ಇದೆಯಲ್ಲ."

"ಏನು ಬರೀಲಿ? ಅವರ ಮನೇಲಿ ಯಾರು ಎಲ್ಲಿ ಓಡಾಡ್ತಾರೆ ಅಂತಾನೇ ನಂಗೊತ್ತಿಲ್ಲ."

ಮುಂದಿನ ಭಾನುವಾರ ನೋಟುಬುಕ್ಕು ಹಿಡಿದು ಹೋದ. ನಾನೂ ಜೊತೆಗಿದ್ದೆ. ಬಟ್ಟೆ ಒಣಗಿಸಲು ಎಷ್ಟು ಹಗ್ಗ? ಬಚ್ಚಲ ನೀರು ಯಾವ ಕಡೆ ಹರಿಯುತ್ತದೆ? ದೇವರ ಹೂವು ಕೊಯ್ಯಲು ಯಾವ ಬಾಗಿಲಿಂದ ಬರುತ್ತಾರೆ? ಸಂಡಿಗೆಯ ಚಾಪೆ ಎಷ್ಟು ಉದ್ದ? ಒಂದೊಂದನ್ನೂ ಬರೆದುಕೊಂಡ. ಚಾಪೆಯನ್ನು ತರಿಸಿ ಅಳೆದ.

"ಏನಪ್ಪ, ಖಾನೇಷುಮಾರಿಗೆ ಮನೆ, ಜನ ಎಣಿಸೋಕೆ ಬಂದಿದ್ದೀಯಾ?" ಎಂದರು ಅಮ್ಮನವರು. "ಹಾಗಲಕಾಯಿ ಯಾರು ತಿನ್ನಲ್ಲ ಅನ್ನೋದೂ ಬರ್ಕೋ."

ಬರೆದುಕೊಂಡ.

ಎರಡನೆಯ ನಕ್ಷೆಯಲ್ಲಿ ದಾರಿ ಬಾವಿಯ ಕಡೆಗೆ ಓರೆಯಾಗಿ ಹೋಗಿತ್ತು, ಮನೆಯವರು ನಡೆದು ನಡೆದು ಆಗಲೇ ಮಣ್ಣು ಸವೆದ ಹಾಗೆ. ಬಚ್ಚಲ ನೀರಿಗೆ ಬಾಳೆ, ಮಲ್ಲಿಗೆಗೆ ಚಪ್ಪರ. ಈಶಾನ್ಯದಲ್ಲಿ ಚಾಪೆಯ ಅಳತೆಯ ಒಂದು ಕಲ್ಲುಹಾಸು, ಅದರ ಮೇಲೆ 'ಸಂಡಿಗೆ' ಎಂದು ಬರೆದಿತ್ತು.

ಈ ಸಲ ಸಾಹೇಬರು ನಕ್ಷೆಯನ್ನು ನಮ್ಮೆದುರಿಗೇ ತಿದ್ದಿದರು. ಮನೆಯ ಮುಂದೆ ಸಂಡಿಗೆ ಕಾಣುವುದು ಅವರಿಗೆ ಹಿಡಿಸಲಿಲ್ಲ. ಕಲ್ಲುಹಾಸಿನ ಮೇಲೆ ಕೆಂಪು ಗೆರೆ ಎಳೆದು, ಹಿತ್ತಲ ಕಡೆಗೆ ಬಾಣ ಹಾಕಿದರು.

ಗೆಳೆಯನ ಕೈ ಕಾಗದದ ಮೇಲೆ ಬಂತು. "ಇದು ಬೇಡ ಸಾರ್."

"ಏನು?"

"ಹಿತ್ತಲು ಪಡುವಲ ಕಡೆ. ಹತ್ತು ಗಂಟೆವರೆಗೂ ಮನೆ ನೆರಳು ಬೀಳುತ್ತೆ. ಸಂಡಿಗೆ ಒಣಗಲ್ಲ."

ಸಾಹೇಬರು ಅವನನ್ನು ನೋಡಿದರು, ಹಿತ್ತಲಿನ ಕಡೆ ನೋಡಿದರು. ಆಗ ಬೆಳಿಗ್ಗೆ ಒಂಬತ್ತು ಗಂಟೆ. ಅಲ್ಲಿ ನೆರಳಿತ್ತು. ರಬ್ಬರು ಕೇಳಿ ತೆಗೆದುಕೊಂಡು ಉಜ್ಜಿದರು. ಕೆಂಪು ಪೂರ್ತಿ ಹೋಗಲಿಲ್ಲ. ಮಸಿಯಲ್ಲಿ ಎಳೆಯುವಾಗ ಗೆಳೆಯ ಆ ಗೆರೆಯನ್ನು ಬಿಟ್ಟ.

ಏಪ್ರಿಲ್‌ನಲ್ಲಿ ಸಾಹೇಬರು ಅವನ ಹೆಸರನ್ನು ಮೇಲಕ್ಕೆ ಕಳಿಸಿದರು. ಆ ವರ್ಷದ ಹುದ್ದೆ ಅವನಿಗಿಂತ ಹಿರಿಯರೊಬ್ಬರಿಗೆ ಹೋಯಿತು. ಮುಂದಿನ ಹುದ್ದೆಯ ಆದೇಶ 1940ರಲ್ಲಿ ಅವನ ಹೆಸರಿಗೆ ಬಂತು. ನಾನು ಭದ್ರಾವತಿ ಬಿಟ್ಟದ್ದು 1946ರಲ್ಲಿ. ಆಗ ಅವನ ಕೈಕೆಳಗೆ ಇಬ್ಬರು ಟ್ರೇಸರುಗಳಿದ್ದರು.