ಬಿಸಿಯೂಟದ ಅಕ್ಕೋರ ತಂತಿವಾದ್ಯ ಮೇಳ

ಬೆಳಗಿನ ಐದೂಮುಕ್ಕಾಲು. ಹಟ್ಟಿಕೇರಿಯಾಚೆ, ಕಡಲಿಗೆ ಹತ್ತಿರದ ಸರಕಾರಿ ಶಾಲೆಯ ಅಡುಗೆಕೋಣೆಯಲ್ಲಿ ಗೋದಾವರಿ ಹರಿಕಂತ್ರ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದಾರೆ. ಕಣ್ಣು ಅಕ್ಕಿಯ ಮೇಲೆ, ಕಿವಿ ಪಕ್ಕದ ಕೋಣೆಯ ಮೇಲೆ. ಅಲ್ಲಿ ಯಾರೋ ಪಿಟೀಲಿನ ತಂತಿ ಮೀಟಿ ಶ್ರುತಿ ನೋಡುತ್ತಿದ್ದಾರೆ. “ಸಂಕೇತಾ, ಮೂರನೇ ತಂತಿ ಸಡಿಲ ಆಗಿದೆ. ಬಿಗಿ ಮಾಡು ಮಗಾ,” ಎಂದು ಇವರು ತಲೆಯೆತ್ತದೆ ಕೂಗುತ್ತಾರೆ. ತಂತಿ ಸರಿಹೋಗುತ್ತದೆ. ಬಾಗಿಲಲ್ಲಿ ನಿಂತ ನಾನು ತೆರೆದ ಬಾಯಿ ಮುಚ್ಚುವುದನ್ನು ಮರೆಯುತ್ತೇನೆ.

ಅಡುಗೆಯವರೊಬ್ಬರು ಮಕ್ಕಳಿಗೆ ಪಿಟೀಲು ಕಲಿಸುತ್ತಾರಂತೆ ಎಂದು ಅಂಕೋಲೆಯ ಗೆಳೆಯ ಹೇಳಿದಾಗ, ಎರಡು ಪಿಟೀಲು, ನಾಲ್ಕು ಭಜನೆ ಇರಬೇಕು ಎಂದುಕೊಂಡೇ ಪತ್ರಿಕೆಗೆ ಬರೆಯಲು ಬಸ್ಸು ಹತ್ತಿದವನು ನಾನು. ಇಲ್ಲಿ ನೋಡಿದರೆ ಹನ್ನೆರಡು ಪಿಟೀಲು, ಮಕ್ಕಳಷ್ಟೇ ಎತ್ತರದ ಎರಡು ಚೆಲ್ಲೊ, ಹಿಡಿದು ಬಾರಿಸಲು ಹದಿನಾಲ್ಕು ಮಕ್ಕಳು. ಚೆಲ್ಲೊಗೆ ಅವರಿಟ್ಟ ಹೆಸರು ಅಜ್ಜ ಪಿಟೀಲು. ಹೆಚ್ಚಿನವರ ಅಪ್ಪಂದಿರು ದೋಣಿಗೆ ಹೋಗುವವರು.

ಗೋದಾವರಿಯವರಿಗೆ ಈಗ ಐವತ್ತೊಂದು. ದಿನಾ ನೂರಾ ಅರವತ್ತು ಮಕ್ಕಳಿಗೆ ಅನ್ನ, ಸಾಂಬಾರು ಬೇಯಿಸುವುದು ಅವರ ಕೆಲಸ. ಇಲ್ಲಿ ಬಿಸಿಯೂಟದ ಅಡುಗೆಗೆ ಸೇರಿದಾಗಿನಿಂದ, ಅಂದರೆ ನಾಲ್ಕು ವರ್ಷದಿಂದ, ಬೆಳಿಗ್ಗೆ ಆರರಿಂದ ಎಂಟರವರೆಗೆ ಈ ಮೇಳವನ್ನೂ ನಡೆಸುತ್ತಿದ್ದಾರೆ. ಅದನ್ನು ಅವರಿಗೆ ಯಾರೂ ಒಪ್ಪಿಸಿದ್ದಲ್ಲ. ಶಾಲೆಯ ಪುಸ್ತಕದಲ್ಲಿ ಅವರು ಅಡುಗೆ ಸಹಾಯಕಿ. ಆದರೆ ಮಕ್ಕಳು ಕರೆಯುವುದು ‘ಅಕ್ಕೋರೇ’ ಎಂದು. ಈ ಕಡೆ ಆ ಹೆಸರು ಪಾಠ ಹೇಳುವ ಹೆಂಗಸರಿಗಷ್ಟೇ ಸಿಗುತ್ತದೆ.

ಕಲಿತದ್ದು ಎಲ್ಲಿ? “ಹದಿಮೂರು ವರ್ಷಕ್ಕೆ ಪಾತ್ರೆ ತಿಕ್ಕುಕೆ ಅಂತ ಕಾರವಾರದಲ್ಲಿ ಫಿಲೋಮಿನಾ ಬಾಯೋರ ಮನೆಗೆ ಹೋದೆ. ಅವರು ಇಗರ್ಜಿ, ಅಂದ್ರೆ ಚರ್ಚಿನ, ಮಕ್ಕಳಿಗೆ ಪಿಟೀಲು ಕಲಿಸ್ತಿದ್ರು. ನಾ ಒಲೆ ಮುಂದೆ ಕೂತ್ಕಂಡೇ, ಯಾರು ತಪ್ಪಿದ್ರು ಅಂತ ಹೇಳ್ತಿದ್ದೆ. ಒಂದಿನ ಬಾಯೋರು ನನ್ನ ಕೈಯಿಂದ ಸೌಟು ಕಸ್ಕಂಡು ಪಿಟೀಲಿನ ಕಮಾನು ಕೊಟ್ರು.”

ಸಾಯುವ ಮೊದಲು ಫಿಲೋಮಿನಾ ಬಾಯಿ ವಾದ್ಯಗಳನ್ನೆಲ್ಲ ಕಾರವಾರದ ಒಂದು ಸಮಿತಿಗೆ ಒಪ್ಪಿಸಿದರು. ಕಲಿಯುವ ಮಕ್ಕಳ ಕೈಯಲ್ಲೇ ಇರಲಿ ಎನ್ನುವುದು ಅವರ ಷರತ್ತು. ಹಾಗೆ ಅವು ಈ ಶಾಲೆಗೆ ಬಂದವು. ಎರಡು ವರ್ಷಕ್ಕೊಮ್ಮೆ ಸಮಿತಿ ಮಕ್ಕಳ ವಾದನ ಕೇಳುತ್ತದೆ. ಅಡುಗೆಯವಳ ಕೈಗೆ ಇಂಥ ವಾದ್ಯವೇ ಎಂದು ಮೂಗು ಮುರಿಯುವವರು ಅದರಲ್ಲಿದ್ದಾರೆ. ಮೆಚ್ಚುಗೆಯಾಗದಿದ್ದರೆ ಹದಿನಾಲ್ಕೂ ವಾದ್ಯ ಇವತ್ತೇ ವಾಪಸು. ಹೌದು, ಆ ಪರೀಕ್ಷೆ ಇವತ್ತೇ, ಹನ್ನೊಂದು ಗಂಟೆಗೆ, ಕಾರವಾರದಲ್ಲಿ.

ಆರಕ್ಕೆ ಅಭ್ಯಾಸ. ಕಮಾನುಗಳು ಇನ್ನೂ ಬಂದಿಲ್ಲ, ಮಕ್ಕಳು ತಾಳವಷ್ಟೇ ಹಾಕುತ್ತಿದ್ದಾರೆ. ಗೋದಾವರಿಯವರು ಮುಷ್ಟಿ ಮುಚ್ಚಿದರೆ ಹದಿಮೂರೂ ಮಕ್ಕಳು ಗಪ್‌ಚಿಪ್. “ಬಾರಿಸುಕೆ ಎಲ್ಲರಿಗೂ ಬರ್ತದೆ. ಎಲ್ಲಿ ಸುಮ್ಮನಿರ್ಬೇಕು ಅಂತ ಕಲಿಸುದೇ ಕಷ್ಟ,” ಎನ್ನುತ್ತಾರೆ.

ಹದಿನಾಲ್ಕನೆಯವಳು ವಿಜೇತಾ. ಮಳೆಗಾಲದಲ್ಲಿ ಶಾಲೆಯ ಮಾಡು ಸೋರುವುದರಿಂದ ಕಮಾನುಗಳ ಪೆಟ್ಟಿಗೆ ಹತ್ತಿರದ ಅವಳ ಮನೆಯಲ್ಲಿರುತ್ತದೆ. ಅವಳು ಓಡಿ ಬಂದು ಪೆಟ್ಟಿಗೆ ಇಟ್ಟಳು. ಮುಚ್ಚಳ ತೆಗೆದದ್ದೇ ತಡ, ಕೋಣೆಯ ತುಂಬ ತೆಂಗಿನೆಣ್ಣೆಯ ವಾಸನೆ.

ಗೋದಾವರಿಯವರು ಒಂದು ಕಮಾನು ಎತ್ತಿ ತಂತಿಯ ಮೇಲೆ ಎಳೆಯುತ್ತಾರೆ. ಅದು ಸುಮ್ಮನೆ ಜಾರಿಹೋಗುತ್ತದೆ. ಇನ್ನೊಂದು. ಅದಕ್ಕೂ ಸದ್ದಿಲ್ಲ. ಕಮಾನಿಗೆ ಬಿಗಿಯುವುದು ಕುದುರೆ ಬಾಲದ ಕೂದಲು. ಒಣಗಿದ ಕೂದಲಿಗೆ ರಾಳ ಉಜ್ಜಿದರೆ ಮಾತ್ರ ಅದು ತಂತಿಯನ್ನು ಹಿಡಿದು ನುಡಿಸುತ್ತದೆ. ಜಿಡ್ಡು ತಾಗಿತೋ, ಮುಗಿಯಿತು. ಇಲ್ಲಿ ಹದಿನಾಲ್ಕೂ ಕಮಾನು ಮಿರಿಮಿರಿ ಮಿಂಚುತ್ತಿವೆ!

ವಿಜೇತಾ ಬಾಯಿಗೆ ಕೈ ಅಡ್ಡ ಹಿಡಿದು ನಿಂತಿದ್ದಾಳೆ. ಅವಳಿಗೂ ಈಗಷ್ಟೇ ಗೊತ್ತಾಗಿದೆ. ಅವಳ ಹಿಂದೆಯೇ ಒಳ್ಳೆಯ ಸೀರೆಯುಟ್ಟು ಹೊರಟುಬಂದ ಅಜ್ಜಿ ಹೀರಾ ಮುಖವರಳಿಸಿಕೊಂಡು ಹೇಳುತ್ತಾರೆ: “ಹಬ್ಬಕ್ಕೆ, ಮದುವೆಗೆ ತಲೆಗೆ ಎಣ್ಣೆ ಹಾಕ್ದೆ ಯಾರಾದ್ರೂ ಹೊರಡ್ತಾರ್ಯಾ? ಹುಡುಗಿಗೆ ಹಚ್ಚಿದೆ. ಇದೂ ಕುದುರೆ ಕೂದಲಂತೆ, ಪಾಪ, ಒಣಗಿ ಹೋಗಿತ್ತು. ಇವತ್ತು ದೊಡ್ಡ ದಿನ ಅಲ್ವಾ, ಎಲ್ಲದಕ್ಕೂ ಹಚ್ಚಿದೆ.”

ಗೋದಾವರಿಯವರ ಮುಖದಲ್ಲಿ ರಕ್ತವಿಲ್ಲ. ಈಗ ಸಿಡಿಯುತ್ತಾರೆ ಎಂದು ನಾನು ಕಾದೆ. ಅವರು ಕಮಾನನ್ನು ಪೆಟ್ಟಿಗೆಯಲ್ಲಿಟ್ಟು, “ಹೀರಕ್ಕಾ, ಒಳಗೆ ಬನ್ನಿ, ಚಾ ಕುಡೀರಿ,” ಅನ್ನುತ್ತಾರೆ. ನಾನಾಗಿದ್ದರೆ ಶಾಲೆಯ ಹಂಚು ಹಾರಿಹೋಗುವಂತೆ ಕೂಗುತ್ತಿದ್ದೆ. ಎಣ್ಣೆಗಿಂತ ಹೆಚ್ಚಾಗಿ ಆ ಚಾ ನನ್ನನ್ನು ದಂಗುಬಡಿಸಿತು.

ಆಮೇಲೆ ಅಡುಗೆಯವರ ಬುದ್ಧಿ ಓಡುತ್ತದೆ. ತಲೆಯ ಜಿಡ್ಡು ತೆಗೆಯಲು ಮನೆಯಲ್ಲಿ ಹಚ್ಚುವ ಕಡಲೆಹಿಟ್ಟೇ ಕಮಾನಿಗೂ ಬೀಳುತ್ತದೆ. ಮಕ್ಕಳು ಉಜ್ಜುತ್ತಾರೆ, ಒಲೆಯ ದೂರದ ಬಿಸಿಗೆ ಹಿಡಿಯುತ್ತಾರೆ, ರಾಳ ತಿಕ್ಕುತ್ತಾರೆ. ಎಂಟೂವರೆಗೆ ನೋಡಿದರೆ ನುಡಿಯುವುದು ಮೂರೇ. ತಂಬಿಗೆಯ ಎಣ್ಣೆ ಮುಗಿಯುತ್ತ ಬಂದಾಗ ಅಜ್ಜಿ ಸವರಿದ ಕೊನೆಯ ಮೂರು ಅವು. ಉಳಿದ ಹನ್ನೊಂದು ಸತ್ತಂತೆಯೇ.

“ಮೂರು ಜನ ಎಳೀರಿ. ಹನ್ನೊಂದು ಜನ ಬೆರಳಲ್ಲಿ ಮೀಟಿ,” ಎಂದು ಗೋದಾವರಿಯವರು ಸೆರಗು ಸಿಕ್ಕಿಸುತ್ತಾರೆ. ಅಡುಗೆಯನ್ನು ಜೊತೆಗಾತಿ ರುಕ್ಮಿಣಿಗೆ ವಹಿಸಿ, ಹೀರಾ ಅಜ್ಜಿಯ ಸಮೇತ ಎಲ್ಲರೂ ಒಂಬತ್ತರ ಕಾರವಾರ ಬಸ್ಸು ಹತ್ತಿದ್ದಾಯಿತು. ದಾರಿಯುದ್ದಕ್ಕೂ ಸೀಟಿನ ಹಿಂಬದಿಯ ಮೇಲೆ ಬೆರಳಾಡಿಸಿ ಅಭ್ಯಾಸ. ಯಾರು ಎಲ್ಲಿ ಮೀಟಬೇಕು ಎಂದು ಅವರು ಸೀಟಿಂದ ಸೀಟಿಗೆ ಓಲಾಡುತ್ತ ಹೇಳಿಕೊಡುತ್ತಾರೆ. ಟಿಕೆಟು ಕೊಡಲು ಬಂದ ಕಂಡಕ್ಟರು ಒಂದು ಸುತ್ತು ಮುಗಿಯುವವರೆಗೆ ಕಾಯುತ್ತಾನೆ.

ಹನ್ನೊಂದಕ್ಕೆ ಸಭಾಗೃಹದಲ್ಲಿ ಗೋದಾವರಿ ಮಕ್ಕಳೆದುರು ಕೈಯೆತ್ತುತ್ತಾರೆ. ಎರಡು ಕಮಾನಿನಲ್ಲಿ ಎರಡು ಅಜ್ಜ ಪಿಟೀಲು ಕೆಳದನಿಯಲ್ಲಿ ಹೊರಡುತ್ತವೆ. ಅದರ ಮೇಲೆ ಹನ್ನೊಂದು ಮಕ್ಕಳ ಬೆರಳು, ನಡುವೆ ಮೂರನೆಯ ಕಮಾನು, ಸಂಕೇತನದು. ಅರ್ಧದಲ್ಲಿ ಮುಷ್ಟಿ ಮುಚ್ಚುತ್ತದೆ. ಹೊರಗಿನ ಮಳೆ ಕೇಳಿಸುವಷ್ಟು ಮೌನ. ಮತ್ತೆ ಕೈ ಬಿಚ್ಚಿದಾಗ ಹದಿನಾಲ್ಕು ಮಕ್ಕಳು ಒಟ್ಟಿಗೇ ಒಳಗೆ ಬರುತ್ತಾರೆ. ನನ್ನ ಮೈ ಜುಮ್ಮೆಂದದ್ದನ್ನು ಮುಚ್ಚಿಡುವುದಿಲ್ಲ.

ಸಮಿತಿಯ ಅಧ್ಯಕ್ಷ ಕೇಶವ ಶಾನಭಾಗರು ಎದ್ದು ಬಂದು, ಉಳಿದ ಕಮಾನುಗಳೆಲ್ಲಿ ಎಂದು ಪೆಟ್ಟಿಗೆ ತೆರೆಸುತ್ತಾರೆ. ಮೂಸಿ ನೋಡಿದವರ ಮುಖ ಕೆಂಪಾಗುತ್ತದೆ. “ಯಾರು ಮಾಡಿದ್ದು ಇದು?”

ಮೂರನೆಯ ಸಾಲಿನಲ್ಲಿ ಹೀರಾ ಅಜ್ಜಿ ಇನ್ನೂ ಚಪ್ಪಾಳೆ ತಟ್ಟುತ್ತಿದ್ದಾರೆ. ವಿಜೇತಾ ನೆಲ ನೋಡುತ್ತಾಳೆ.

“ನನ್ನ ತಪ್ಪು. ಕಮಾನು ಹ್ಯಾಂಗೆ ನೋಡ್ಕಳೂದು ಅಂತ ಮನೆಯವ್ರಿಗೆ ನಾ ಹೇಳ್ಲಿಲ್ಲ,” ಅನ್ನುತ್ತಾರೆ ಗೋದಾವರಿ.

“ಮತ್ತೆ ಈ ಬೆರಳಿನದ್ದು ಯಾವಾಗ ಕಲಿಸಿದ್ದು?”

“ಬರುವಾಗ, ಬಸ್ಸಲ್ಲಿ.”

ಶಾನಭಾಗರು ಕನ್ನಡಕ ತೆಗೆದು ಒರೆಸುತ್ತಾರೆ. “ಕಮಾನಿಗೆ ಹೊಸ ಕೂದಲು ನಾವು ಹಾಕಿಸ್ತೇವೆ. ವಾದ್ಯ ನಿಮ್ಮಲ್ಲೇ ಇರಲಿ, ಅಕ್ಕೋರೇ,” ಎಂದವರು ಸರಸರ ಹೋಗಿ ಕುರ್ಚಿಯಲ್ಲಿ ಕೂರುತ್ತಾರೆ.

ವಾಪಸು ಬಸ್ಸಿನಲ್ಲಿ ಹೀರಾ ಅಜ್ಜಿ ನನ್ನ ತೋಳು ತಟ್ಟುತ್ತಾರೆ. “ನೋಡಿದ್ರ್ಯಾ? ಎಣ್ಣೆ ಹಚ್ಚಿದ್ದಕ್ಕೇ ಇಷ್ಟು ಚಲೋ ಆಯ್ತು.”

ನಾನು ಹಿಂದಿನ ಸೀಟಿಗೆ ಹೋಗಿ ಗೋದಾವರಿಯವರಲ್ಲಿ ಪಿಸುಗುಟ್ಟುತ್ತೇನೆ: ಎಣ್ಣೆಯ ವಿಷಯ ಬರೆಯದೆ ಬಿಟ್ಟುಬಿಡಲೇ?

“ಬಿಡ್ಬೇಡಿ. ಆದದ್ದು ಬರೀರಿ. ಹೀರಕ್ಕಂಗೆ ಓದುಕೆ ಬರುದಿಲ್ಲ, ಪೇಪರ್ ಓದಿ ಹೇಳುದು ವಿಜೇತಾ.” ಮುಂದಿನ ಸೀಟಿನಲ್ಲಿ ಅಜ್ಜಿಗೊರಗಿ ನಿದ್ದೆಹೋದ ಹುಡುಗಿಯನ್ನು ನೋಡುತ್ತ ಅವರು ಮೆಲ್ಲಗೆ ಮುಷ್ಟಿ ಮುಚ್ಚುತ್ತಾರೆ. “ಎಣ್ಣೆ ಜಾಗ ಬಂದಾಗ ಹುಡುಗಿ ಸುಮ್ಮನಿರ್ತದೆ. ನಾ ಕಲಿಸಿದ್ದಲ್ವಾ.”